ಒಂದೇ ಹಾಡು, ಹಲವು ಕಂಠ

ಹಂಪಿ ಉತ್ಸವದ ಮೂರು ರಾತ್ರಿ ಹೊಸಪೇಟೆಯಿಂದ ಹಂಪಿಗೆ ಹೋಗುವ 13 ಕಿ.ಮೀ. ರಸ್ತೆಗೆ ನಿದ್ದೆಯಿಲ್ಲ. ಕಂಪ್ಲಿ, ಸಂಡೂರು, ಗಂಗಾವತಿ ಕಡೆಯಿಂದ ಜನ ಬಸ್ಸು, ಆಟೊ, ಟ್ರ್ಯಾಕ್ಟರುಗಳಲ್ಲಿ ಬಂದು ಸೇರುತ್ತಾರೆ. ಹಡಗಲಿಯ ಎಂ.ಪಿ. ಪ್ರಕಾಶ್ ಅವರು ಸಚಿವರಾಗಿದ್ದಾಗ 1980ರ ದಶಕದಲ್ಲಿ ಆರಂಭವಾದ ಈ ಉತ್ಸವ ಮೊದಲು ನವೆಂಬರ್ 3ರಿಂದ 5ರವರೆಗೆ ನಡೆಯುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಜನವರಿ, ಫೆಬ್ರವರಿಯ ಕಡೆಗೆ ಸರಿದಿದೆ. ಬರಗಾಲವೋ ನೆರೆಯೋ ಬಂದಾಗ ಮುಂದಕ್ಕೆ ಹೋದದ್ದೂ ಉಂಟು. ಹಗಲಿಗೆ ಡೊಳ್ಳು, ಹಲಗೆ, ಲಂಬಾಣಿ ಕುಣಿತ, ತತ್ವಪದ. ರಾತ್ರಿ ದೊಡ್ಡ ವೇದಿಕೆಯಲ್ಲಿ ಸಿನಿಮಾ ಗಾಯಕರು. ಜನಸಾಗರ ಸೇರುವುದು ರಾತ್ರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಕಾರ್ಯಕ್ರಮಗಳಿಂದ ಹಿಂತಿರುಗುವ ಬಸ್ಸಿನಲ್ಲಿ ಕಿವಿಗೊಟ್ಟು ಕುಳಿತರೆ ಒಂದು ಮಾತು ತಪ್ಪದೆ ಕೇಳಿಸುತ್ತದೆ. “ಮೊಬೈಲ್‌ನ್ಯಾಗ ಇದ್ದಂಗ ಹಾಡ್ಲಿಲ್ಲ ನೋಡ್ರಿ.” ಮೊದಲು “ಕ್ಯಾಸೆಟ್‌ನ್ಯಾಗ ಇದ್ದಂಗ” ಎನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ. ಗಾಯಕ ಎಲ್ಲೋ ಒಂದು ಸಾಲನ್ನು ಎಳೆದು ಹಾಡಿದ, ಎಲ್ಲೋ ಒಂದು ಕಡೆ ನಿಲ್ಲಿಸಿ ಜನರಿಂದ ಹಾಡಿಸಿದ, ಇನ್ನೊಬ್ಬರು ಹಾಡಿದ್ದ ಹಾಡನ್ನು ತನ್ನ ಶೈಲಿಯಲ್ಲಿ ಹೇಳಿದ. ನಮ್ಮ ಕಿವಿಗೆ ಅದು ಕೊರತೆಯಾಗಿ ಕಾಣುತ್ತದೆ. ಹಾಡು ಎಂದರೆ ಒಮ್ಮೆ ಅಚ್ಚಾಗಿ ಮುಗಿದ ವಸ್ತು, ಅದರ ಮೇಲೆ ಯಾರೂ ಕೈಯಾಡಿಸಕೂಡದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟು ಹಳೆಯದು? ಕ್ಯಾಸೆಟ್ಟಿನಷ್ಟೇ ಹಳೆಯದು ಎಂದು ನನಗನಿಸುತ್ತದೆ. ಅದಕ್ಕೂ ಮೊದಲು ನಮ್ಮ ನಾಡಿನಲ್ಲಿ ಹಾಡು ಬದುಕಿದ್ದೇ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತಾ, ಹೋದಲ್ಲೆಲ್ಲ ಸ್ವಲ್ಪ ಬದಲಾಗುತ್ತಾ.

ಇದಕ್ಕೆ ಸಾಕ್ಷಿಯಾಗಿ ಬೇರೆಲ್ಲೂ ಹುಡುಕಬೇಕಾಗಿಲ್ಲ. ನಮ್ಮವರೇ ಆದ ಶಿಶುನಾಳ ಶರೀಫ ಸಾಹೇಬರಿದ್ದಾರೆ.

ಮೇಷ್ಟ್ರು ಕಟ್ಟಿದ ಹಾಡು

ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಓದು ಬರಹ ಕಲಿತು ಕೆಲಕಾಲ ಕನ್ನಡ ಶಾಲೆಯ ಮೇಷ್ಟ್ರಾಗಿದ್ದರು. ಇದನ್ನು ಓದಿದಾಗಲೆಲ್ಲ ಶಿಕ್ಷಕಿಯಾದ ನನಗೆ ಒಂದಿಷ್ಟು ಹೆಮ್ಮೆಯಾಗುತ್ತದೆ, ಮುಚ್ಚಿಡುವುದೇಕೆ! ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದರು. 1889ರಲ್ಲಿ ತೀರಿಕೊಂಡರು. ಮೊಹರಂ ಕಾಲದ ಹೆಜ್ಜೆ ಮೇಳಕ್ಕೆ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳನ್ನೂ ಅವರು ಕಟ್ಟಿದ್ದಾರೆ.

ಗಮನಿಸಬೇಕಾದ ಸಂಗತಿ ಎಂದರೆ, ಅವರ ಯಾವ ಹಾಡಿಗೂ ‘ಮೂಲ ರೆಕಾರ್ಡಿಂಗ್’ ಇಲ್ಲ. ಅವರು ಹೇಗೆ ಹಾಡುತ್ತಿದ್ದರು, ಎಷ್ಟು ಎತ್ತರದ ದನಿ, ಯಾವ ಮಟ್ಟು, ಇವನ್ನೆಲ್ಲ ಕೇಳಿದ ಕಿವಿಗಳು ಮಣ್ಣಾಗಿ ನೂರು ವರ್ಷಕ್ಕೂ ಮೇಲಾಯಿತು. ನಮಗೆ ಸಿಕ್ಕಿರುವುದೆಲ್ಲ ಇನ್ನೊಬ್ಬರು ಹಾಡಿದ್ದು. ಏಕತಾರಿ ಮೀಟುತ್ತಾ, ದಮ್ಮಡಿ ಬಡಿಯುತ್ತಾ ಊರಿಂದೂರಿಗೆ ಹೋದ ತತ್ವಪದದವರು, ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಕುಳಿತ ಭಜನೆಯವರು, ಇವರೇ ಆ ಹಾಡುಗಳ ಪುಸ್ತಕ. ಒಂದೂರಿನವರು ಒಂದು ನುಡಿ ಬಿಟ್ಟರು, ಪಕ್ಕದೂರಿನವರು ಒಂದು ಮಾತು ಬದಲಿಸಿದರು. ಆದರೂ ಹಾಡು ಶರೀಫರದೇ ಆಗಿ ಉಳಿಯಿತು.

ನಗರದ ಜನ ಈ ಹಾಡುಗಳನ್ನು ಮನೆಯೊಳಗೆ ಕರೆದುಕೊಂಡದ್ದು 1980ರ ದಶಕದ ನಂತರ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳ ಸೊಗಸನ್ನು ತೋರಿಸಿಕೊಟ್ಟರು, ಸಿ. ಅಶ್ವಥ್ ಅವುಗಳಿಗೆ ರಾಗ ಹಾಕಿ ಹಾಡಿದರು. ಅಶ್ವಥ್ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಕಟ್ಟಿದವರು. ಅವರದು ಒಳಗೆ ಅದುಮಿಟ್ಟ ಕಂಠವಲ್ಲ, ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿ ಕರೆಯುವಂಥದು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಬಂತು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವಥ್ ಅವರದೇ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಆ ಬಳಿಕ ಶರೀಫರ ಹಾಡು ಎಂದರೆ ಅಶ್ವಥ್ ಕಂಠ ಎಂದೇ ಕನ್ನಡಿಗರು ತಿಳಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಬಂದ ಜನರನ್ನು ಕಂಡವರು ಇಂದಿಗೂ ಅದರ ಮಾತಾಡುತ್ತಾರೆ. 2009ರ ಡಿಸೆಂಬರ್ 29ರಂದು, ತಾವು ಹುಟ್ಟಿದ ದಿನಾಂಕದಂದೇ, ಅವರು ನಿಧನರಾದರು.

ಅಶ್ವಥ್ ಇನ್ನೂ ಇದ್ದಾಗಲೇ, 2008ರಲ್ಲಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಎಂಬ ತರುಣ ತನ್ನ ಮೊದಲ ಆಲ್ಬಂನಲ್ಲಿ ಶರೀಫರ ಎರಡು ಹಾಡುಗಳನ್ನು ಸೇರಿಸಿಕೊಂಡ. ಒಂದು ಗುಡುಗುಡಿಯ ಹಾಡು, ಇನ್ನೊಂದು ಮಾಳಿಗೆ ಸೋರುವ ಹಾಡು. ಏಕತಾರಿಯ ಜಾಗದಲ್ಲಿ ಗಿಟಾರ್, ದಮ್ಮಡಿಯ ಜಾಗದಲ್ಲಿ ಡ್ರಮ್ಸ್, ಜೊತೆಗೆ ಪಿಟೀಲು. ಕಾಲಿಗೆ ಗೆಜ್ಜೆ ಕಟ್ಟಿ, ಲುಂಗಿ ಉಟ್ಟು ವೇದಿಕೆಯ ಮೇಲೆ ಕುಣಿಯುವ ಈತ ಸೂಕ್ಷ್ಮಾಣುಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರ ಎಂದರೆ ನಂಬುವುದು ಕಷ್ಟ. 2010ರಲ್ಲಿ ಈ ತಂಡ ಬ್ರಿಟನ್ನಿನ ಬಿಬಿಸಿ ದೂರದರ್ಶನದ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿ ಬಂತು. ಶರೀಫರ ಪದಕ್ಕೆ ಗಿಟಾರ್ ಹಿಡಿಯುವುದೇ ಎಂದು ಹಿರಿಯರು ಕೆಲವರು ಮುಖ ಸಿಂಡರಿಸಿದರು. ಅಶ್ವಥ್ ಹಾರ್ಮೋನಿಯಂ, ತಬಲಾ ಹಿಡಿದಾಗ ಏಕತಾರಿಯವರು ಏನಂದಿರಬಹುದು ಎಂದು ಇವರು ಯೋಚಿಸಿದಂತಿಲ್ಲ.

ಮೂರು ಬಾರಿ ಸೋರಿದ ಮಾಳಿಗೆ

ಮಾಳಿಗೆ ಸೋರುವ ಹಾಡಿನ ಅರ್ಥ ನಮ್ಮ ಬಳ್ಳಾರಿ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಇಲ್ಲಿನ ಹಳೆಯ ಮನೆಗಳು ಮಣ್ಣಿನ ಚಪ್ಪಟೆ ಮಾಳಿಗೆಯವು. ಮಳೆಗಾಲಕ್ಕೆ ಮುಂಚೆ ಸೌಳು ಮಣ್ಣು ತಂದು ಮೇಲೆ ಹರಡಿ ಗಟ್ಟಿ ಮಾಡದಿದ್ದರೆ ಒಳಗೆ ಪಾತ್ರೆ ಇಟ್ಟುಕೊಂಡು ರಾತ್ರಿ ಕಳೆಯಬೇಕು. ಶರೀಫರು ಆ ಮಾಳಿಗೆಯನ್ನು ಮನುಷ್ಯನ ಮೈಮನಸ್ಸಿಗೆ ಹೋಲಿಸಿದರು. ನೋಡಿಕೊಳ್ಳುವವರಿಲ್ಲದ ಮನೆ ಸೋರುತ್ತದೆ, ಎಚ್ಚರವಿಲ್ಲದ ಮನಸ್ಸೂ ಹಾಗೆಯೇ.

ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಒಂದು ಶನಿವಾರ ನಾನು ಈ ಒಂದೇ ಹಾಡನ್ನು ಮೂರು ಕಂಠಗಳಲ್ಲಿ ಕೇಳಿಸಿದೆ. ಮೊದಲನೆಯದು ಕಂಪ್ಲಿ ಕಡೆಯ ಒಂದು ಭಜನಾ ಮೇಳದವರು ಹಾಡಿದ್ದನ್ನು ಪರಿಚಯದವರು ಮೊಬೈಲಿನಲ್ಲಿ ಹಿಡಿದು ಕಳಿಸಿದ್ದು. ಎರಡನೆಯದು ಅಶ್ವಥ್, ಮೂರನೆಯದು ರಘು ದೀಕ್ಷಿತ್. ರಾಗ, ತಾಳ ಎಂಬ ಪ್ರಶ್ನೆಗಳನ್ನೇ ಕೇಳಲಿಲ್ಲ. ನನಗೂ ಅಷ್ಟೊಂದು ಗೊತ್ತಿಲ್ಲ. “ಮೂರು ಹಾಡಿನಲ್ಲೂ ಮನೆ ಸೋರುತ್ತಿದೆ. ಸೋರುವಾಗ ಹಾಡುವವನು ಎಲ್ಲಿದ್ದಾನೆ, ಬರೆಯಿರಿ” ಎಂದೆ.

ಉತ್ತರಗಳು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿದ್ದವು. ಭಜನೆಯವರ ಹಾಡಿನಲ್ಲಿ ಮನೆ ಪಕ್ಕದವರದು, ಇವರು ಕಟ್ಟೆಯ ಮೇಲೆ ಕೂತು ಆ ಸುದ್ದಿ ಮಾತಾಡುತ್ತಿದ್ದಾರೆ ಎಂದಳು ಒಬ್ಬಳು. ಅಶ್ವಥ್ ಹಾಡಿನಲ್ಲಿ ಮನೆಯ ಯಜಮಾನನೇ ನಡುಮನೆಯಲ್ಲಿ ನಿಂತು ಯಾರಾದರೂ ಬನ್ನಿ ಎಂದು ಕೂಗುತ್ತಿದ್ದಾನೆ ಎಂದು ಐದಾರು ಮಂದಿ ಬರೆದಿದ್ದರು. ಮೂರನೆಯದರಲ್ಲಿ ಅವನು ಸೋರಿದರೆ ಸೋರಲಿ ಎಂದು ಅಂಗಳಕ್ಕೆ ಬಂದು ಮಳೆಯಲ್ಲಿ ನೆನೆಯುತ್ತಿದ್ದಾನಂತೆ. ಹಿಂದಿನ ಬೆಂಚಿನ, ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು. “ಟೀಚರ್, ನಮ್ಮ ಮನೀಗೆ ತಗಡು ಹಾಕ್ಯಾರ್ರೀ. ಮಳಿ ಬಂದ್ರ ನಮಗ ಕೇಳ್ಸೋ ಸೌಂಡು ಮೂರನೇ ಹಾಡಿನ್ಯಾಗ ಐತ್ರೀ.”

ಡ್ರಮ್ಸ್ ಏಕೆ ಬೇಕು ಎಂಬ ಹಿರಿಯರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಈವರೆಗೆ ಸಿಕ್ಕಿಲ್ಲ. ಮಣ್ಣಿನ ಮಾಳಿಗೆ ಸದ್ದಿಲ್ಲದೆ ಸೋರುತ್ತದೆ, ತಗಡು ಬಡಿದು ಹೇಳುತ್ತದೆ. ಹಾಡು ಮನೆ ಬದಲಿಸಿದಾಗ ಅದರ ಸದ್ದೂ ಬದಲಾಗುವುದು ಸಹಜ.

ಮನೆಯಲ್ಲಿ ಹೀಗೆ ಮಾಡಿ ನೋಡಬಹುದು. ನಿಮಗೆ ತುಂಬ ಪರಿಚಯವಿರುವ ಒಂದೇ ಹಾಡನ್ನು ಆರಿಸಿಕೊಳ್ಳಿ. ಪ್ರೊ. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಆದೀತು. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಅದೇ ಹೆಸರಿನ ಕ್ಯಾಸೆಟ್ ಬಂದಾಗ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂಬ ಹೆಸರು ಅದಕ್ಕೆ ಬಂತು. ಅಂದಿನಿಂದ ಅದನ್ನು ಹಾಡದ ಶಾಲೆಯಿಲ್ಲ, ರಾಜ್ಯೋತ್ಸವವಿಲ್ಲ. ನಿಸಾರರು 2020ರ ಮೇ 3ರಂದು ತೀರಿಕೊಂಡ ಮೇಲೆ ಮನೆ ಮನೆಗಳಲ್ಲಿ ಕುಳಿತು ಹಾಡಿ ಹಂಚಿಕೊಂಡವರು ಎಷ್ಟೋ ಜನ. ಅನಂತಸ್ವಾಮಿ ಧಾಟಿಯನ್ನು ಒಮ್ಮೆ, ಯಾವುದಾದರೂ ಮಕ್ಕಳ ವೃಂದಗಾನವನ್ನು ಇನ್ನೊಮ್ಮೆ ಕೇಳಿ. ಎರಡನೆಯ ಸಲ ಮಾತುಗಳು ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ. ಅಡುಗೆಮನೆಯ ಕೆಲಸ ಮಾಡುತ್ತಲೇ ಕೇಳಬಹುದು, ಮಿಕ್ಸಿ ಹಾಕುವಾಗ ಮಾತ್ರ ಬೇಡ.

ರಫಿಯಂತೆ ಹಾಡುವವರು, ರಫಿಯನ್ನು ಹಾಡುವವರು

ಗಣೇಶ ಚೌತಿ, ರಾಜ್ಯೋತ್ಸವ, ಜಾತ್ರೆ, ಉರೂಸುಗಳಲ್ಲಿ ನಮ್ಮ ಊರುಗಳ ಜನ ಕಂಡ ಸಂಗೀತವೆಂದರೆ ಆರ್ಕೆಸ್ಟ್ರಾ. ಕರಪತ್ರದಲ್ಲಿ ‘ರಸಮಂಜರಿ’ ಎಂದು ಅಚ್ಚಾಗಿರುತ್ತಿತ್ತು. ಒಬ್ಬ ರಾಜಕುಮಾರ್ ಕಂಠದವನು, ಒಬ್ಬ ಎಸ್.ಪಿ.ಬಿ. ಕಂಠದವನು, ಒಬ್ಬ ರಫಿ ಕಂಠದವನು, ಜಾನಕಿಯವರ ಹಾಡುಗಳಿಗೆ ಒಬ್ಬ ಹೆಣ್ಣುಮಗಳು, ಮಧ್ಯೆ ಮಿಮಿಕ್ರಿ. ಕೀಬೋರ್ಡ್, ಪ್ಯಾಡ್, ಢೋಲಕ್ ನುಡಿಸುವವರಲ್ಲಿ ನಮ್ಮ ಸಮುದಾಯದ ಹುಡುಗರು ಸಾಕಷ್ಟು ಮಂದಿ. ಹಗಲಿಗೆ ಗ್ಯಾರೇಜು, ಟೈಲರಿಂಗು, ರಾತ್ರಿಗೆ ರಫಿ. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದಿಲ್ಲ, ಆದರೆ ಸಾವಿರಾರು ಜನ ರಫಿಯನ್ನು ‘ನೇರ’ ಕೇಳಿದ್ದು ಇವರಿಂದಲೇ. ರಫಿ ಸಾಹೇಬರು 1980ರಲ್ಲೇ ತೀರಿಕೊಂಡಿದ್ದರು. ಅಂದ ಹಾಗೆ, ಅವರು ಕನ್ನಡದಲ್ಲೂ ಹಾಡಿದ್ದಾರೆ. 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ, ಸತ್ಯಂ ಸಂಗೀತದಲ್ಲಿ. ಉಚ್ಚಾರ ಸ್ವಲ್ಪ ಬೇರೆಯಾದರೂ ಆ ದನಿಯ ಜೇನು ಎಲ್ಲೂ ಕಡಿಮೆಯಾಗಿಲ್ಲ.

ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಟಿ-ಸೀರೀಸ್ ಕ್ಯಾಸೆಟ್ಟುಗಳನ್ನು ನಮ್ಮ ವಯಸ್ಸಿನ ಸಹೋದರಿಯರು ಮರೆತಿರಲಾರರು. ಹಳೆಯ ಹಾಡುಗಳನ್ನು ಹೊಸಬರಿಂದ ಹಾಡಿಸಿ ಮಾರುವುದು ಆ ಕಂಪೆನಿಯ ವ್ಯಾಪಾರವಾಗಿತ್ತು. ಮುಖಪುಟದ ಮೇಲೆ ದೊಡ್ಡದಾಗಿ ರಫಿ, ಕೆಳಗೆ ಸಣ್ಣ ಅಕ್ಷರದಲ್ಲಿ ಸೋನು ನಿಗಮ್. ರಫಿಯೇ ಎಂದುಕೊಂಡು ತಂದು, ಕೊಲ್ಲಿಯಿಂದ ಬಂದ ಮಾವ ಕೊಟ್ಟ ಟೂ-ಇನ್-ಒನ್‌ಗೆ ಹಾಕಿ, ಎರಡು ಸಾಲು ಕೇಳಿ “ಯೆ ತೋ ಕೋಯಿ ಔರ್ ಹೈ” ಎಂದು ಹುಬ್ಬು ಗಂಟಿಕ್ಕಿದ ಅಮ್ಮಂದಿರು ಬಹಳ. ಅಂದು ರಫಿಯ ನೆರಳಿನಲ್ಲಿ ಹಾಡುತ್ತಿದ್ದ ಆ ಹುಡುಗನೇ ಮುಂದೆ 2006ರ ‘ಮುಂಗಾರು ಮಳೆ’ಯಿಂದ ಕನ್ನಡದ ಮನೆಮನೆಯ ದನಿಯಾದ. ಮುಂದೆ 2012ರ ತಿದ್ದುಪಡಿಯಲ್ಲಿ ಕಾನೂನು ಇಂಥ ಮರುಹಾಡುಗಳಿಗೆ ಒಂದು ಬೇಲಿ ಹಾಕಿತು. ಮೊದಲ ರೆಕಾರ್ಡಿಂಗ್ ಆದ ಮೇಲೆ ಐದು ವರ್ಷ ಕಾಯಬೇಕು, ಹಾಡಿನ ಒಡೆಯರಿಗೆ ಮುಂಗಡವಾಗಿ ಗೌರವಧನ ಕೊಡಬೇಕು, ಕವರಿನ ಮೇಲೆ ಮೂಲ ಗಾಯಕರದೇ ಎಂದು ಜನ ತಪ್ಪು ತಿಳಿಯುವಂತೆ ಮಾಡಕೂಡದು. ನ್ಯಾಯವಾದ ಮಾತೇ.

ಕೇಳಿ ಕೇಳಿ ನನಗೆ ಒಂದು ವ್ಯತ್ಯಾಸ ತಿಳಿಯತೊಡಗಿದೆ. ಕೆಲವರು ರಫಿಯಂತೆ ಹಾಡುತ್ತಾರೆ. ಉಸಿರು, ನಡುಕ, ನಗು ಎಲ್ಲವನ್ನೂ ಹಾಗೆಯೇ ತರುತ್ತಾರೆ. ಮೊದಲ ಸಲ ಚಪ್ಪಾಳೆ ತಟ್ಟುತ್ತೇವೆ, ಎರಡನೆಯ ಸಲ ಮೂಲವನ್ನೇ ಹಾಕಿ ಕೇಳೋಣ ಅನ್ನಿಸುತ್ತದೆ. ಇನ್ನು ಕೆಲವರು ರಫಿಯನ್ನು ಹಾಡುತ್ತಾರೆ. ದನಿ ಅವರದೇ, ಗೌರವ ರಫಿಗೆ. ಇವರದು ಎರಡನೆಯ ಸಲವೂ ಬೇಕೆನಿಸುತ್ತದೆ.

ಭೀಮಸೇನ ಜೋಶಿಯವರ ಕಥೆ ಇಲ್ಲಿ ನೆನಪಾಗುತ್ತದೆ. ನಮ್ಮ ಹೊಸಪೇಟೆಯಿಂದ ಹುಬ್ಬಳ್ಳಿ ಗಾಡಿ ಹತ್ತಿದರೆ ಸಿಗುವ ಗದಗ ಅವರ ಊರು. ಬಾಲಕನಾಗಿದ್ದಾಗ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರು ಝಿಂಝೋಟಿ ರಾಗದಲ್ಲಿ ಹಾಡಿದ ಒಂದು ಠುಮ್ರಿಯ ರೆಕಾರ್ಡನ್ನು ಕೇಳಿ ಹುಚ್ಚು ಹಿಡಿದಂತಾಗಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೊರಟರು. ಊರೂರು ಅಲೆದು ಕೊನೆಗೆ ಶಿಷ್ಯರಾದದ್ದು ಕುಂದಗೋಳದ ಸವಾಯಿ ಗಂಧರ್ವರಿಗೆ. ಅವರು ಖಾನ್ ಸಾಹೇಬರದೇ ಶಿಷ್ಯ. ಜೋಶಿಯವರು ದೊಡ್ಡವರಾದ ಮೇಲೂ ಆ ಠುಮ್ರಿಯನ್ನು ಹಾಡಿದರು. ಖಾನ್ ಸಾಹೇಬರದು ಸಣ್ಣ, ನವಿರಾದ, ಅಳುವಿನ ಅಂಚಿನಲ್ಲಿ ನಿಂತ ಕಂಠ. ಜೋಶಿಯವರದು ಗುಡುಗಿನ ಕಂಠ. ಎರಡನ್ನೂ ಕೇಳಿದವರು ಯಾರೂ ಒಂದನ್ನು ಇನ್ನೊಂದರ ನಕಲು ಎನ್ನಲಾರರು.

ನಮ್ಮ ಮನೆಯ ಹಾಡುಗಳು

ಇಷ್ಟೆಲ್ಲ ಹೇಳಿದ್ದು ವೇದಿಕೆಯ ಮಾತಾಯಿತು. ಆದರೆ ಇದೇ ಕಲೆಯನ್ನು ವೇದಿಕೆಯಿಲ್ಲದೆ, ಮೈಕಿಲ್ಲದೆ ತಲೆಮಾರುಗಳ ಕಾಲ ನಡೆಸಿಕೊಂಡು ಬಂದವರು ನಮ್ಮ ಮನೆಯ ಹೆಣ್ಣುಮಕ್ಕಳು.

ಬಿಜಾಪುರದ ಸೂಫಿಗಳ ಕಾಲದಿಂದ ದಖನಿಯಲ್ಲಿ ‘ಚಕ್ಕೀನಾಮಾ’ ಎಂಬ ಹಾಡುಗಳಿವೆ. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡುತ್ತಿದ್ದವು. ನೂಲುವಾಗ ‘ಚರಖಾನಾಮಾ’, ಮಗು ಮಲಗಿಸುವಾಗ ‘ಲೋರೀನಾಮಾ’, ಮದುವೆಗೆ ‘ಶಾದೀನಾಮಾ’. ಬೀಸುಕಲ್ಲಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನ ನೆನಪು ಮಾಡಿಕೊಡುವ ಹಾಡುಗಳು ಅವು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ, ದಖನ್ನಿನ ಹಳ್ಳಿಗಳ ಮನೆಯೊಳಕ್ಕೆ ದೀನಿನ ಮಾತು ಹೋದ ದಾರಿಗಳಲ್ಲಿ ಈ ಹಾಡುಗಳು ಮುಖ್ಯವಾದವು ಎಂದು ವಿವರಿಸಿದ್ದಾರೆ. ದೊಡ್ಡ ಗ್ರಂಥಗಳು ಖಾನ್‌ಖಾದಲ್ಲಿದ್ದವು, ಹಿಟ್ಟಿನ ಜೊತೆ ಮನೆಗೆ ಬಂದದ್ದು ಹಾಡು. ಅದೇ ಓಣಿಯಲ್ಲಿ ಪಕ್ಕದ ಮನೆಯವರು ಕನ್ನಡದಲ್ಲಿ ಬೀಸುವ ಪದ ಹಾಡುತ್ತಿದ್ದರು. ಗೋಡೆಯ ಆಚೆಗೂ ಈಚೆಗೂ ಮಟ್ಟುಗಳು ಓಡಾಡದೆ ಇದ್ದವೇ?

ಮದುವೆಯ ಢೋಲಕ್ ಗೀತೆಗಳಂತೂ ಇನ್ನೂ ಸೊಗಸು. ಹಳದಿ, ಮೆಹಂದಿಯ ರಾತ್ರಿ ಹೆಂಗಸರ ಕಡೆ ಒಂದು ಢೋಲಕ್, ಅದರ ಮರದ ಮೈಮೇಲೆ ಚಮಚದಿಂದ ತಾಳ. ಹೊಸ ಬೀಗಿತ್ತಿಯನ್ನು, ಅಂದರೆ ಸಮಧನ್ ಅವರನ್ನು, ಕಾಲೆಳೆಯುವ ಹಾಡುಗಳಲ್ಲಿ ಆಯಾ ಮನೆಯ ಹೆಸರು ಸೇರಿಕೊಳ್ಳುತ್ತದೆ. ಸಿನಿಮಾ ಹಾಡಿನ ಧಾಟಿಗೆ ತಮ್ಮ ಮಾತು ಹೊಂದಿಸಿ ಅಲ್ಲೇ ಕಟ್ಟಿಬಿಡುವ ಖಾಲಾಗಳು ಪ್ರತಿ ಮೊಹಲ್ಲಾದಲ್ಲೂ ಒಬ್ಬರಿರುತ್ತಿದ್ದರು. ಪೇಟೆಯ ಹಾಡನ್ನು ಮನೆಯ ಹಾಡಾಗಿ ಮಾಡುವ ಈ ಜಾಣ್ಮೆಗೆ ಯಾವ ಪ್ರಶಸ್ತಿಯೂ ಇಲ್ಲ. ಮದ್ರಸದ ವಾರ್ಷಿಕ ಜಲ್ಸಾದಲ್ಲೂ ಇದರ ಒಂದು ರೂಪವನ್ನು ಕಂಡಿದ್ದೇನೆ. ಮಕ್ಕಳು ನಾತ್ ಹೇಳುವಾಗ ಧಾಟಿ ಎಲ್ಲೋ ಕೇಳಿದಂತಿದೆಯಲ್ಲ ಎಂದು ಸಭೆಯಲ್ಲಿ ಪಿಸುಮಾತು. ಉಸ್ತಾದರು ಮುಖ ಗಂಭೀರ ಮಾಡಿಕೊಂಡು ಗಡ್ಡ ನೀವಿಕೊಳ್ಳುತ್ತಾರೆ. ಧಾಟಿ ಎಲ್ಲಿಯದೆಂದು ಅವರಿಗೂ ಗೊತ್ತು.

ಮೊಹರಂ ಆಚರಣೆಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಅದು ಈ ಲೇಖನದ ವಿಷಯವಲ್ಲ. ಆದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಕರ್ಬಲಾದ ದುಃಖವನ್ನು ಅಚ್ಚ ಕನ್ನಡದಲ್ಲಿ ಹಾಡುವ ಮೇಳಗಳಲ್ಲಿ ಮುಸ್ಲಿಮೇತರರೇ ಎಷ್ಟೋ ಮಂದಿ ಎಂಬುದನ್ನು ತಿಳಿದಿರಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಪುಸ್ತಕಗಳಿಗಾಗಿ ಊರೂರು ತಿರುಗಿ ಇಂಥ ಹಾಡುಗಾರರನ್ನು ಮಾತಾಡಿಸಿದ್ದಾರೆ. ಮನೆಯಲ್ಲಿರಬೇಕಾದ ಪುಸ್ತಕಗಳು.

ಈಗ ನಮ್ಮ ಶಾದಿ ಮಹಲುಗಳಲ್ಲಿ ಢೋಲಕ್ ಕಾಣುವುದು ಅಪರೂಪವಾಗುತ್ತಿದೆ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಬಂದಿವೆ. ಡಿಜೆ ಹಾಕುವ ಹಾಡಿಗೆ ಎದೆ ಅದುರುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ. ಅಲ್ಲಿ ಯಾರೂ ಹಾಡುತ್ತಿಲ್ಲ ಎಂಬುದನ್ನು ಗಮನಿಸಿದ್ದೀರಾ? ಸಂಗೀತ ಬೇಡವೆನ್ನುವ ಮನೆಯವರೂ ಡಿಜೆಗೆ ಹಣ ಕಟ್ಟುತ್ತಾರೆ, ಆದರೆ ನಾನಿ ಒಂದು ಹಳೆಯ ಗೀತೆ ಎತ್ತಿದರೆ “ಸುಮ್ನಿರಿ ನಾನಿ, ಜನ ಏನಂತಾರೆ” ಎನ್ನುತ್ತಾರೆ. ಇದು ನನಗೆ ಅರ್ಥವಾಗದ ಸಂಗತಿ. ಹಾಡುವವರ ಬಾಯಿ ಮುಚ್ಚಿಸಿ ಪೆಟ್ಟಿಗೆಗೆ ಬಾಡಿಗೆ ಕೊಡುವುದು ಯಾವ ಪರಹೇಜ್?

ಸಂಗೀತದ ಹಲಾಲ್, ಹರಾಮ್ ಪ್ರಶ್ನೆ ಇಲ್ಲಿ ಏಳುವುದು ಸಹಜ. ವಾದ್ಯಗಳ ವಿಷಯದಲ್ಲಿ ಉಲಮಾಗಳ ದೊಡ್ಡ ಬಳಗ ಕಟ್ಟುನಿಟ್ಟಾಗಿದೆ, ಬೇರೆ ಅಭಿಪ್ರಾಯದವರೂ ಇದ್ದಾರೆ. ಈದ್ ದಿನ ಹಝ್ರತ್ ಆಯಿಶಾ(ರ)ರ ಬಳಿ ಇಬ್ಬರು ಬಾಲಕಿಯರು ದಫ್ ಬಾರಿಸಿ ಹಾಡುತ್ತಿದ್ದಾಗ ಹಝ್ರತ್ ಅಬೂಬಕರ್(ರ) ಗದರಿದ್ದೂ, ಇದು ಹಬ್ಬದ ದಿನ, ಬಿಡಿ ಎಂದು ಪ್ರವಾದಿ(ಸ)ಯವರು ತಡೆದದ್ದೂ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಸಮಾ ಕುರಿತು ಒಂದು ಇಡೀ ಅಧ್ಯಾಯ ಬರೆದು, ಹಾಡು ಯಾವುದು, ಕೇಳುವವರ ಮನಸ್ಸು ಎಂಥದು ಎಂದು ವಿಂಗಡಿಸಿದ್ದಾರೆ. ಕರಾವಳಿಯ ಓದುಗರ ಮನೆಗಳಲ್ಲಿ ದಫ್ ಇಂದಿಗೂ ಇದೆ. ಅವರವರ ಮನೆಯ ಗೆರೆ ಅವರವರು ಎಳೆದುಕೊಳ್ಳಲಿ. ನನ್ನ ತಕರಾರು ಒಂದೇ. ಆ ಗೆರೆ ಗಂಡುಮಕ್ಕಳ ಇಯರ್‌ಫೋನಿಗೆ ಒಂದು, ಹೆಣ್ಣುಮಕ್ಕಳ ಕಂಠಕ್ಕೆ ಇನ್ನೊಂದು ಆಗಬಾರದು.

2017ರ ಮಾರ್ಚ್‌ನಲ್ಲಿ ಸಾಗರದ ಸುಹಾನಾ ಸೈಯದ್ ಎಂಬ ಯುವತಿ ಹಿಜಾಬ್ ಧರಿಸಿ ಝೀ ಕನ್ನಡದ ‘ಸರಿಗಮಪ’ ವೇದಿಕೆಯಲ್ಲಿ ಒಂದು ಹಿಂದೂ ಭಕ್ತಿಗೀತೆ ಹಾಡಿದರು. ಮರುದಿನವೇ ಫೇಸ್‌ಬುಕ್‌ನಲ್ಲಿ ಆಕೆಯನ್ನೂ ಆಕೆಯ ತಂದೆತಾಯಿಯನ್ನೂ ಹೀಯಾಳಿಸಿ ಬರೆದವರಿದ್ದರು. ಅದಕ್ಕುತ್ತರವಾಗಿ ಆಕೆಯನ್ನು ಹಾಡಿ ಹೊಗಳಿದವರೂ ದೊಡ್ಡ ಸಂಖ್ಯೆಯಲ್ಲಿ ಬಂದರು. ಹಿಂದೂ ಗೀತೆ ಮುಸ್ಲಿಮರ ಬಾಯಲ್ಲಿ ಬರಬಾರದು ಎಂಬವರಿಗೆ ರಫಿ ಹಾಡಿದ ಭಜನೆಗಳ ಪಟ್ಟಿ ಕೊಟ್ಟರೆ ಸಾಕು, ಇರಲಿ. ನನಗೆ ಆಗ ಕಾಡಿದ್ದು ಬೇರೆ. ಬೈದವರಲ್ಲಿ, ಹೊಗಳಿದವರಲ್ಲಿ ಎಷ್ಟು ಜನ ಆ ಹಾಡನ್ನು ಪೂರ್ತಿ ಕೇಳಿದ್ದರು? ಶ್ರುತಿ ಹೇಗಿತ್ತು, ಮೇಲಿನ ಸ್ವರಕ್ಕೆ ಹೋದಾಗ ದನಿ ನಿಂತಿತೇ, ಮೂಲಕ್ಕಿಂತ ಎಲ್ಲಿ ಭಿನ್ನವಾಗಿ ಹಾಡಿದಳು, ಇದನ್ನು ಯಾರೂ ಚರ್ಚಿಸಲಿಲ್ಲ. ಹಾಡುವ ಹುಡುಗಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ? ಬಟ್ಟೆಯ ಬಗ್ಗೆ ಎಲ್ಲರೂ ಮಾತಾಡಿದರು, ಕಂಠದ ಬಗ್ಗೆ ಯಾರಿಗೂ ಪುರುಸೊತ್ತಿರಲಿಲ್ಲ.

ಮುಂದಿನ ಹಂಪಿ ಉತ್ಸವಕ್ಕೆ ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಮಕ್ಕಳನ್ನು ಕರೆದುಕೊಂಡು ಹಗಲಿಗೆ ಹೋಗಿ. ರಾತ್ರಿಯ ನೂಕುನುಗ್ಗಲು ಇರುವುದಿಲ್ಲ, ಸಣ್ಣ ವೇದಿಕೆಗಳ ಮುಂದೆ ನೆರಳು ಸಿಕ್ಕಲ್ಲಿ ಕೂರಬಹುದು. ಮೊದಲ ಸಾಲಿನಲ್ಲಿ ಕುಳಿತರೆ ತತ್ವಪದದವರ ಬೆರಳು ಏಕತಾರಿಯ ಮೇಲೆ ಓಡುವುದೂ, ತಾಳ ಹಾಕುವವನು ಕಣ್ಣಿನಿಂದ ಸನ್ನೆ ಮಾಡುವುದೂ ಕಾಣುತ್ತದೆ. ಅದು ಯಾವ ಮೊಬೈಲಿನಲ್ಲೂ ಇಲ್ಲ. ಬಿಡುವಿನಲ್ಲಿ ಹೋಗಿ ಮಾತಾಡಿಸಿದರೆ ಅವರೇ ಇನ್ನೊಂದು ಪದ ಹೇಳುತ್ತಾರೆ.

ಮನೆಯಲ್ಲಿ ಹಿರಿಯರಿದ್ದರೆ ಅವರ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ ಎಂದು ನನ್ನ ವಿದ್ಯಾರ್ಥಿನಿಯರಿಗೆ ರಜೆಯ ಮನೆಗೆಲಸ ಕೊಟ್ಟಿದ್ದೆ. ಕಂಪ್ಲಿಯ ಹುಡುಗಿಯೊಬ್ಬಳು ತನ್ನ ಪರದಾದಿಯ ಬಳಿಗೆ ನನ್ನನ್ನೂ ಕರೆದೊಯ್ದಳು. ತೊಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು, ದನಿ ಮಾತ್ರ ಗಟ್ಟಿ. ಬೀಸುಕಲ್ಲಿನ ಹಾಡು ಬೇಕು ಎಂದೆವು. ಅಜ್ಜಿ ಸ್ವಲ್ಪ ಹೊತ್ತು ತುಟಿಯೊಳಗೇ ಏನೋ ಗುನುಗಿಕೊಂಡು ಕೇಳಿದರು. “ಯಾವ ಧಾಟಿ ಬೇಕು ಮಗಾ, ನಮ್ಮಮ್ಮನದೋ, ನಮ್ಮ ಅತ್ತೆಯದೋ?” ಎರಡನ್ನೂ ಹಾಡಿಸಿದೆವು. ಮಾತು ಒಂದೇ, ಅಮ್ಮನದು ನಿಧಾನ, ಅತ್ತೆಯದು ಕಲ್ಲು ಜೋರಾಗಿ ತಿರುಗುವಂಥದು. ಅತ್ತೆಯದೇ ಹೆಚ್ಚು ಚೆನ್ನಾಗಿತ್ತು. ಆದರೆ ಅಜ್ಜಿಯ ಮುಂದೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.